ಮದ್ರಾಸ್ ಸ್ಯಾಪರ್ಸ್ ಮನೆಗೆ ಹೊಸ ಸೊಸೆ: ಕ್ವಾರ್ಟರ್ಸ್‌ನಲ್ಲಿ ವರ್ಷ ಹೇಗೆ ಕಳೆಯುತ್ತದೆ?

ತಿಪಟೂರು ಹುಡುಗಿ:
ನಮ್ಮವರು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಲ್ಲಿ, ನಾಯಕ್ ರ‍್ಯಾಂಕಿನಲ್ಲಿದ್ದಾರೆ. ಮಾಘದಲ್ಲಿ ಮದುವೆ ಆಯಿತು. ಈಗ ಪಂಜಾಬಿನಲ್ಲಿ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿದೆ, ಜೂನ್‌ನಲ್ಲಿ ಹೊರಡಬೇಕು. ನಾನು ಬೆಂಗಳೂರು ದಾಟಿ ಆಚೆ ಹೋದವಳೇ ಅಲ್ಲ. ಇವರನ್ನು ಕೇಳಿದರೆ "ಎಲ್ಲಾ ಅಡ್ಜಸ್ಟ್ ಆಗುತ್ತದೆ" ಅನ್ನುತ್ತಾರೆ, ಅಷ್ಟೇ. ಅಲ್ಲಿ ವರ್ಷವಿಡೀ ಏನೇನು ಇರುತ್ತದೆ? ಹಬ್ಬಕ್ಕೆ ಊರಿಗೆ ಬರಬಹುದಾ? ಹಿಂದಿ ನನಗೆ ಅಷ್ಟಕ್ಕಷ್ಟೇ.

ಹಳೇ ತಂಬಿ:
ಶುಭವಾಗಲಿ ತಾಯಿ. ಭಾಷೆಯ ಚಿಂತೆ ಬಿಡಿ. ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕೂ ಮಾತಿನ ಮನೆಗಳಿರುತ್ತವೆ. ಯಾವ ಊರಿನವನಾದರೂ ಸ್ಯಾಪರ್ ಅಂದರೆ "ತಂಬಿ". ಎರಡು ದಿನ ಗುರುತು ಹಾಕಿಕೊಳ್ಳಿ. ಸೆಪ್ಟೆಂಬರ್ 30, ನಮ್ಮ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ, ಮದ್ರಾಸ್ ಸ್ಯಾಪರ್ಸ್ ಅಂದರೂ ಇದೇ) ಹುಟ್ಟಿದ ದಿನ (1780ರಲ್ಲಿ). ನವೆಂಬರ್ 18, ಸೇನೆಯ ಎಲ್ಲಾ ಎಂಜಿನಿಯರ್‌ಗಳ ಕೋರ್ ಆಫ್ ಎಂಜಿನಿಯರ್ಸ್ ದಿನ. ನಿಮ್ಮವರ ರೆಜಿಮೆಂಟಿನ ರೈಸಿಂಗ್ ಡೇ (ಅದು ಹುಟ್ಟಿದ ದಿನ) ಬೇರೆ ಇರುತ್ತದೆ. ಎಲ್ಲಾ ರ‍್ಯಾಂಕಿನವರೂ ಒಟ್ಟಿಗೆ ಕೂತು ಉಣ್ಣುವ ಬಡಾ ಖಾನಾಗೆ ತಪ್ಪದೇ ಹೋಗಿ.

ಅರಸೀಕೆರೆ ಅಕ್ಕ:
ತಂಗಿ, ಬಡಾ ಖಾನಾ ಆಮೇಲೆ. ಮೊದಲು ನಿಮ್ಮವರನ್ನು ಒಂದು ಮಾತು ಕೇಳು: ಮದುವೆ ಪಾರ್ಟ್ ಟೂ ಆರ್ಡರ್‌ನಲ್ಲಿ (ಮದುವೆ, ಮಕ್ಕಳ ವಿವರ ದಾಖಲಿಸುವ ಯೂನಿಟ್ ಆದೇಶ) ಬಂತಾ? ಅದು ಆಗುವ ತನಕ ರೆಕಾರ್ಡ್ಸ್ ಆಫೀಸಿನ ಲೆಕ್ಕದಲ್ಲಿ ಅವರು ಬ್ರಹ್ಮಚಾರಿಯೇ. ನಿನ್ನ ಡಿಪೆಂಡೆಂಟ್ ಕಾರ್ಡ್, ಮಿಲಿಟರಿ ಆಸ್ಪತ್ರೆಯ ಔಷಧಿ, ಮುಂದೊಂದು ದಿನ ಫ್ಯಾಮಿಲಿ ಪೆನ್ಷನ್, ಎಲ್ಲಕ್ಕೂ ಅದೇ ಬುಡ. ಆಧಾರ್, ಮಾರ್ಕ್ಸ್ ಕಾರ್ಡ್, ಮದುವೆ ಸರ್ಟಿಫಿಕೇಟ್ ಮೂರರಲ್ಲೂ ನಿನ್ನ ಹೆಸರು ಒಂದೇ ಥರ ಇದೆಯಾ ನೋಡಿಕೋ. ನಮ್ಮ ಪಕ್ಕದ ಮನೆಯಾಕೆಗೆ ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಿ. ಗಂಡ ತೀರಿಕೊಂಡ ಮೇಲೆ ಪೆನ್ಷನ್‌ಗಾಗಿ ಅವಳು ಅಲೆದದ್ದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನು ವರ್ಷದ ಮಾತು. ನಮ್ಮ ವರ್ಷ ಶುರುವಾಗುವುದು ಮಕ್ಕಳ ಶಾಲೆ ಅಡ್ಮಿಷನ್‌ನಿಂದ. ಮಾರ್ಚ್, ಏಪ್ರಿಲ್ ಬಂತೆಂದರೆ ವರ್ಗಾವಣೆ, ಒಂದು ಮನೆಯ ಕಪ್ಪು ಟ್ರಂಕ್ ಹೊರಗೆ, ಇನ್ನೊಂದು ಮನೆಯದು ಒಳಗೆ. ಆಗಷ್ಟೇ ಹತ್ತಿರವಾದವಳು ಹೊರಟುಬಿಡುತ್ತಾಳೆ. ಜೂನ್ ಬಿಸಿಲಿನ ಬಗ್ಗೆ ಹೇಳಿ ಹೆದರಿಸುವುದಿಲ್ಲ, ಕೂಲರ್ ತಗೊಳ್ಳಿ.

ಮಳೆಗಾಲ ಮಾತ್ರ ಬೇರೆಯದೇ ಕತೆ. ಎಲ್ಲಿ ನೆರೆ ಬಂದರೂ ಎಂಜಿನಿಯರ್ಸ್‌ಗೆ ಕರೆ ಬರುತ್ತದೆ. ದೋಣಿ, ಸೇತುವೆ ಇವರ ಕೆಲಸ ತಾನೇ. 2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಜರಿದಾಗ ಹಲಸೂರಿನ ಎಂಇಜಿಯವರೇ ಹೋಗಿ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಉಕ್ಕಿನ ಸೇತುವೆ) ಕಟ್ಟಿದರು. ಆ ತಂಡದ ಮೇಜರ್ ಸೀತಾ ಶೆಲ್ಕೆ ಸೇತುವೆ ಮೇಲೆ ನಿಂತ ಫೋಟೋ ಎಲ್ಲರೂ ನೋಡಿರುತ್ತಾರೆ. ನಮ್ಮೆಜಮಾನರು ಅಷ್ಟೊತ್ತಿಗೆ ಸುಬೇದಾರ್ ಆಗಿ ಪೆನ್ಷನ್ ಬಂದಿದ್ದರು. ಆದರೂ ನಮ್ಮ ಹೆಂಗಸರ ವಾಟ್ಸಾಪ್ ಗುಂಪು ರಾತ್ರಿಯಿಡೀ ಮಲಗಲಿಲ್ಲ. ಯಾರ ಮಗ ಹೋಗಿದ್ದಾನೆ, ಫೋನ್ ಹತ್ತಿತಾ, ಒಣಗಿದ ಬಟ್ಟೆ ಇದೆಯಾ, ಇವೇ ಮಾತು. ಭಟಿಂಡಾದಲ್ಲಿದ್ದಾಗ ಪರಿಚಯವಾದ ಕೇರಳದವಳು, ಈಗ ಪಾಲಕ್ಕಾಡಿನಲ್ಲಿರುವವಳು, ಬೆಳಗಿನ ಜಾವ ನನಗೆ ಫೋನ್ ಮಾಡಿದ್ದಳು. ರೆಜಿಮೆಂಟ್ ಅಂದರೆ ನನಗೆ ಪರೇಡ್‌ಗಿಂತ ಈ ಫೋನುಗಳೇ ಜಾಸ್ತಿ.

ಆಯುಧಪೂಜೆ ತಪ್ಪಿಸಿಕೊಳ್ಳಬೇಡ. ರೈಫಲ್‌ಗೆ ಕುಂಕುಮ ಎಲ್ಲಾ ಕಡೆ ಇದ್ದದ್ದೇ, ಡೋಜರ್‌ಗೆ ಚೆಂಡುಹೂವಿನ ಹಾರ ಹಾಕಿದ್ದನ್ನು ನೋಡಬೇಕು! ಆಮೇಲೆ ಚಳಿಗಾಲದಲ್ಲಿ ಇವರೆಲ್ಲ ಎಕ್ಸರ್‌ಸೈಜ್‌ಗೆ (ಯುದ್ಧಾಭ್ಯಾಸಕ್ಕೆ) ಹೊರಟರೆ ಸಾಲುಮನೆಗಳಲ್ಲಿ ಹೆಂಗಸರು, ಮಕ್ಕಳೇ.

ರಜೆ ಕಾಗದದಲ್ಲಿ ಧಾರಾಳ: ವಾರ್ಷಿಕ 60 ದಿನ, ಕ್ಯಾಶುಯಲ್ 30. ಯಾವಾಗ ಸಿಗುತ್ತದೆ ಅನ್ನುವುದು ನಮ್ಮ ಕೈಲಿಲ್ಲ. ಗೌರಿ ಹಬ್ಬಕ್ಕೆ ಬರುತ್ತೇನೆ ಅಂತ ಅಮ್ಮನಿಗೆ ಈಗಲೇ ಮಾತು ಕೊಡಬೇಡ.

ಆರ್ಮಿ ಮಗಳು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕ್ವಾರ್ಟರ್ಸ್‌ನವರೆಲ್ಲ ಒಂದೇ ಮನೆಯವರ ಹಾಗೆ ಅನ್ನುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಹೆಂಗಸರ ವೆಲ್‌ಫೇರ್ ಮೀಟ್‌ನಲ್ಲಿ ಯಾರು ಯಾವ ಸಾಲಿನಲ್ಲಿ ಕೂರುತ್ತಾರೆ ನೋಡಿ, ಗಂಡಂದಿರ ರ‍್ಯಾಂಕ್ ಗೊತ್ತಾಗುತ್ತದೆ. ನಮ್ಮಮ್ಮ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಕ್ವಾರ್ಟರ್ಸ್‌ನಲ್ಲೇ ಕುಳಿತು ಅಂಚೆ ಮೂಲಕ ಬಿಎ ಮುಗಿಸಿದರು. ನೀವೂ ಏನಾದರೂ ಸ್ವಂತದ್ದು ಹಿಡಿದುಕೊಳ್ಳಿ.

ಅರಸೀಕೆರೆ ಅಕ್ಕ:
ಕುರ್ಚಿ ವಿಷಯ ನಿಜ, ಒಪ್ಪಿದೆ. ಆದರೆ ರಾತ್ರಿ ಮಗುವಿಗೆ ಜ್ವರ ಬಂದಾಗ ಯಾರ ಬಾಗಿಲನ್ನಾದರೂ ತಟ್ಟಬಹುದು, ಅದೂ ಅಷ್ಟೇ ನಿಜ.

ತಿಪಟೂರು ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಪಾರ್ಟ್ ಟೂ ಬಗ್ಗೆ ಕೇಳಿದೆ. "ಕ್ಲರ್ಕ್ ರಜೆ ಮುಗಿಸಿ ಬರಲಿ" ಅಂದರು! ಅಕ್ಕ, ಗ್ರೈಂಡರ್ ತಗೊಂಡು ಹೋಗಲಾ? ಇವರು ಸುಮ್ನೆ ಭಾರ ಅನ್ನುತ್ತಿದ್ದಾರೆ.

ಅರಸೀಕೆರೆ ಅಕ್ಕ:
ಕ್ಲರ್ಕ್ ಬಂದ ದಿನವೇ ನೆನಪಿಸು, ಬಿಡಬೇಡ. ಗ್ರೈಂಡರ್ ಖಂಡಿತ ತಗೊಂಡು ಹೋಗು, ಚಿಕ್ಕ ಟೇಬಲ್ ಟಾಪ್ ಸಾಕು. ಕಲ್ಲನ್ನು ಬೇರೆ ಮಾಡಿ ಹಾಸಿಗೆಯಲ್ಲಿ ಸುತ್ತು. ಜನವರಿ ಚಳಿಗೆ ಅಲ್ಲಿ ಹಿಟ್ಟು ಹುದುಗು ಬರುವುದಿಲ್ಲ, ಪಾತ್ರೆಗೆ ಕಂಬಳಿ ಹೊದಿಸಿ ಇಡಬೇಕು. ಅಂಗಡಿಗಳಲ್ಲಿ ಕಪ್ಪು ಉದ್ದೇ ಜಾಸ್ತಿ. ಬಿಳಿ ಗುಂಡು ಉದ್ದು ಒಂದೈದು ಕೆಜಿ ಊರಿಂದಲೇ ಕಟ್ಟಿಕೋ.