ಮಳೆಗೂ ಹಿಮಕ್ಕೂ ಒಂದೇ ಹಗುರ ಟೆಂಟ್ ಆಗುತ್ತದೆಯೇ? (ಇಬ್ಬರಿಗೆ, ತಾನೇ ನಿಲ್ಲುವಂಥದ್ದು)

ಚಾರಣಿಗ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಇಬ್ಬರು ಮಲಗುವ ಫ್ರೀಸ್ಟ್ಯಾಂಡಿಂಗ್ ಟೆಂಟ್ ಹುಡುಕುತ್ತಿದ್ದೇನೆ. ತೂಕ 2.5 ಕೆ.ಜಿ. ಒಳಗಿರಬೇಕು. ಬಳಕೆ ಎರಡು ಬಗೆ: ಅರಣ್ಯ ಇಲಾಖೆ ಅನುಮತಿ ಕೊಡುವ ಕಡೆ ಪಶ್ಚಿಮ ಘಟ್ಟದಲ್ಲಿ, ಮುಂಗಾರಿನ ಕೊನೆಯಿಂದ ಫೆಬ್ರವರಿವರೆಗೆ, ಆಮೇಲೆ ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠದ ಕಡೆ, 3,000 ಮೀಟರ್ ಮೇಲೆ, ಹಿಮದಲ್ಲಿ. "ಫೋರ್ ಸೀಸನ್" ಎಂದು ಬರೆದಿರುವುದನ್ನು ತಗೊಂಡರೆ ಎರಡಕ್ಕೂ ಸಾಕೇ? ಗೂಟ ಬೇಕಾಗುತ್ತದೆಯೇ? ನೈಲಾನ್ ಒಳ್ಳೆಯದೋ ಪಾಲಿಯೆಸ್ಟರೋ? ತಿಳಿದವರು ಹೇಳಿ.

ಎರಡು_ಪದರ

ಮೊದಲು ಆ ಹೆಸರಿನ ಬಗ್ಗೆಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ನಾಲ್ಕು ಋತುವಿನ ಟೆಂಟ್ ಎಂದರೆ ಹಿಮದ ಭಾರ ಮತ್ತು ಬಿರುಗಾಳಿ ತಡೆಯುವಂತೆ ಕಟ್ಟಿದ್ದು ಎಂದಷ್ಟೇ ಅರ್ಥ. ಮೂರು ಋತುವಿನದಕ್ಕಿಂತ ಹೆಚ್ಚು ಮಳೆ ತಡೆಯುತ್ತದೆ ಎಂದಲ್ಲ. ನಮ್ಮ ಮುಂಗಾರು ಆ ನಾಲ್ಕರ ಲೆಕ್ಕಕ್ಕೇ ಬಂದಿಲ್ಲ. ಹಿಮದ ಪುಡಿ ಒಳಗೆ ನುಗ್ಗಬಾರದೆಂದು ಅದರಲ್ಲಿ ಜಾಲರಿ ಕಡಿಮೆ, ಫ್ಲೈ (ಮಳೆ ತಡೆಯುವ ಹೊರಪದರ) ನೆಲದವರೆಗೆ ಇಳಿದಿರುತ್ತದೆ, ಕೆಲವಕ್ಕೆ ಸುತ್ತಲೂ ಹಿಮ ಒತ್ತಿಡಲು ಬಟ್ಟೆಯ ಅಂಚು ಬೇರೆ. ಇದೇ ಟೆಂಟನ್ನು ಸೆಪ್ಟೆಂಬರ್‌ನಲ್ಲಿ ಕುದುರೆಮುಖದ ಕಡೆ ಹಾಕಿದರೆ ಗಾಳಿಯಾಡದೆ ಒಳಗೆಲ್ಲ ಬೆವರುತ್ತದೆ. ಇಬ್ಬರ ಉಸಿರಿನ ತೇವ ಫ್ಲೈ ಒಳಮೈಗೆ ಹನಿಗಟ್ಟಿ, ಬೆಳಗಿನ ಜಾವ ಗಾಳಿ ಬಡಿದಾಗ ಮೇಲೆ ಉದುರುತ್ತದೆ. ಜನ ಅದನ್ನು ಸೋರಿಕೆ ಅಂದುಕೊಳ್ಳುತ್ತಾರೆ.

ಆದ್ದರಿಂದ ಒಂಟಿ ಪದರದ ಟೆಂಟ್ ನಿಮಗೆ ಬೇಡ. ಒಣ ಚಳಿಯ ಎತ್ತರದಲ್ಲಿ ಅದು ಹಗುರ, ಚೆನ್ನ. ಘಟ್ಟದ ತೇವಕ್ಕೆ ಅಲ್ಲ. ಎರಡು ಪದರದ್ದೇ ನೋಡಿ, ಅದರಲ್ಲಿ ಹೀಗಿರಲಿ: ಒಳಪದರ ಬಹುಪಾಲು ಬಟ್ಟೆ; ಬಾಗಿಲಿನಲ್ಲಿ ಮತ್ತು ತುದಿಯಲ್ಲಿ ಜಾಲರಿ, ಆ ಜಾಲರಿಯ ಹಿಂದೆ ಜಿಪ್ ಎಳೆದು ಮುಚ್ಚುವ ಬಟ್ಟೆ. ಘಟ್ಟದಲ್ಲಿ ಬಟ್ಟೆ ಇಳಿಸಿ ಜಾಲರಿ ಮಾತ್ರ ಇಟ್ಟುಕೊಳ್ಳಿ, ಇಂಬಳ ಬರುವುದಿಲ್ಲ, ಗಾಳಿ ಬರುತ್ತದೆ. ಹಿಮದಲ್ಲಿ ಮುಚ್ಚಿ. ಫ್ಲೈಯ ನೆತ್ತಿಯಲ್ಲಿ ಕಿಂಡಿ ಇರಲೇಬೇಕು, ಬಾಗಿಲಿನ ಜಿಪ್ ಮೇಲಿನಿಂದಲೂ ಕೆಳಗೆ ತೆರೆಯುವಂತಿರಬೇಕು. ಕೆಳಗಿನಿಂದ ತಣ್ಣನೆಯ ಗಾಳಿ ಒಳಬಂದು ಮೇಲಿನ ಕಿಂಡಿಯಿಂದ ತೇವ ಹೊರಹೋಗಬೇಕು. ಎರಡರಲ್ಲಿ ಒಂದು ಮುಚ್ಚಿದರೂ ಇನ್ನೊಂದು ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಷಯ, ನನ್ನ ದೃಷ್ಟಿಯಲ್ಲಿ ತೂಕಕ್ಕಿಂತ ದೊಡ್ಡದು: ಮಳೆಯಲ್ಲಿ ಯಾವ ಪದರ ಮೊದಲು ಏಳುತ್ತದೆ? ಒಳಪದರ ಮೊದಲು ನಿಲ್ಲಿಸಿ ಆಮೇಲೆ ಫ್ಲೈ ಹೊದಿಸುವ ಟೆಂಟ್ ಆ ಮೂರು ನಿಮಿಷದಲ್ಲೇ ಒಳಗೆ ನೀರು ತುಂಬಿಕೊಳ್ಳುತ್ತದೆ. ಹೊರಪದರ ಮೊದಲು, ಅಥವಾ ಎರಡೂ ಜೋಡಿಸಿದಂತೆಯೇ ಒಟ್ಟಿಗೆ ಏಳುವ ವಿನ್ಯಾಸವೇ ಮಳೆನಾಡಿಗೆ ಸರಿ. ಹಿಲ್ಲೆಬೆರ್ಗ್ ಕಂಪನಿಯ ಅಲ್ಲಾಕ್ ಈ ಮಾದರಿಯದು, ಮೂರು ಪೋಲ್, ತಾನೇ ನಿಲ್ಲುತ್ತದೆ. ಆದರೆ ತೂಕ ಮೂರು ಕೆ.ಜಿ. ಆಸುಪಾಸು, ಬೆಲೆಯೂ ಭಾರಿ. ಅದನ್ನೇ ಕೊಳ್ಳಿ ಎನ್ನುತ್ತಿಲ್ಲ, ಆ ವಿನ್ಯಾಸ ಹೇಗಿದೆ ನೋಡಿ, ಹೋಲಿಸಲು.

2.5 ಕೆ.ಜಿ. ಬಗ್ಗೆ: ಕಂಪನಿಗಳು ಎರಡು ತೂಕ ಬರೆಯುತ್ತವೆ. ಕನಿಷ್ಠ ತೂಕದಲ್ಲಿ ಸಾಮಾನ್ಯವಾಗಿ ಪೋಲ್, ಒಳಪದರ, ಫ್ಲೈ ಮಾತ್ರ. ಗೂಟ, ಹಗ್ಗ, ಚೀಲ ಸೇರಿದರೆ ಇನ್ನೂ 200ರಿಂದ 400 ಗ್ರಾಂ. ನೀವು ಹೊರುವುದು ಆ ಎರಡನೆಯ ತೂಕವನ್ನು. ಹಿಮಕ್ಕೆ ಎರಡಕ್ಕಿಂತ ಹೆಚ್ಚು ಪೋಲ್ ಬೇಕು, ಹಾಗಾಗಿ ಎಲ್ಲ ಸೇರಿ 2.5ರ ಒಳಗೆ ಗಟ್ಟಿಯಾದದ್ದು ಸಿಗುವುದು ಕಷ್ಟ. 3ರವರೆಗೆ ಸಡಿಲಿಸಿ, ಇಬ್ಬರೂ ಹಂಚಿ ಹೊರಿ: ಒಬ್ಬರಿಗೆ ಪೋಲ್-ಗೂಟ, ಇನ್ನೊಬ್ಬರಿಗೆ ಬಟ್ಟೆ.

ಗೂಟ_ಹಗ್ಗ_ಗಂಟು

ಗೂಟದ ಪ್ರಶ್ನೆಗೆ ನೇರ ಉತ್ತರ: ಬೇಕು, ಯಾವಾಗಲೂ. ತಾನೇ ನಿಲ್ಲುತ್ತದೆ ಎಂದರೆ ಎತ್ತಿ ಜಾಗ ಬದಲಿಸಬಹುದು, ಬಂಡೆಯ ಮೇಲೂ ಆಕಾರ ಬರುತ್ತದೆ, ಅಷ್ಟೇ. ಖಾಲಿ ಟೆಂಟ್ ಗಾಳಿಗೆ ಗಾಳಿಪಟವಾಗುತ್ತದೆ. ಅದೂ ಅಲ್ಲದೆ ಬಹಳ ಟೆಂಟ್‌ಗಳಲ್ಲಿ ಬಾಗಿಲ ಮುಂದಿನ ಜಗಲಿ ಗೂಟವಿಲ್ಲದೆ ಬಿಡಿಸಿಕೊಳ್ಳುವುದೇ ಇಲ್ಲ. ವೈ ಆಕಾರದ ಒಂದೇ ಪೋಲ್ ಇರುವ ಹಗುರ ಟೆಂಟ್‌ಗಳನ್ನು ಅಂಗಡಿಯವರು ಫ್ರೀಸ್ಟ್ಯಾಂಡಿಂಗ್ ಎಂದೇ ಮಾರುತ್ತಾರೆ. ಕಾಲ ಕಡೆಯ ಎರಡು ಮೂಲೆ ಗೂಟವಿಲ್ಲದೆ ಕುಸಿಯುತ್ತವೆ. ಕೊಳ್ಳುವ ಮುಂಚೆ ಅಂಗಡಿಯ ಟೈಲ್ಸ್ ನೆಲದ ಮೇಲೆ ನಿಲ್ಲಿಸಲು ಹೇಳಿ, ಗೊತ್ತಾಗುತ್ತದೆ.

ಮಣ್ಣಿನಲ್ಲಿ ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಲಿ, ಹಗ್ಗ ನೆಲಕ್ಕೆ ಸುಮಾರು 45 ಡಿಗ್ರಿ. ಬಂಡೆಯ ಮೇಲೆ ಎರಡು ಕಲ್ಲಿನ ಉಪಾಯ: ಹಗ್ಗದ ಕುಣಿಕೆಯನ್ನು ಮುಷ್ಟಿ ಗಾತ್ರದ ಕಲ್ಲಿಗೆ ಸುತ್ತಿ, ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ ದೊಡ್ಡ ಕಲ್ಲು ಇಡಿ. ಹಗ್ಗ ಎಳೆದಾಗ ಸಣ್ಣ ಕಲ್ಲು ದೊಡ್ಡದಕ್ಕೆ ಸಿಕ್ಕಿಕೊಳ್ಳುತ್ತದೆ. ಬರೀ ದೊಡ್ಡ ಕಲ್ಲಿಗೆ ಕಟ್ಟಿದರೆ ಅಂಚು ಉಜ್ಜಿ ಹಗ್ಗ ತುಂಡಾಗುತ್ತದೆ.

ಹಿಮದಲ್ಲಿ ಸಾಮಾನ್ಯ ಗೂಟ ಬೆಣ್ಣೆಯಿಂದ ಚಾಕು ಬಂದಂತೆ ಬರುತ್ತದೆ. ಒಂದಡಿ ಗುಂಡಿ ತೋಡಿ, ಹಗ್ಗವನ್ನು ಗೂಟದ ನಡುವಿಗೆ ಕಟ್ಟಿ ಅಡ್ಡಲಾಗಿ ಹೂಳಿ. ಗೂಟದ ಬದಲು ಹಿಮ ತುಂಬಿದ ಬಟ್ಟೆ ಚೀಲವೂ ಆಗುತ್ತದೆ. ಮೇಲೆ ಹಿಮ ತುಳಿದು ಗಟ್ಟಿಮಾಡಿ, ಅರ್ಧ ಗಂಟೆ ಬಿಟ್ಟು ಹಗ್ಗ ಬಿಗಿ ಮಾಡಿ. ತುಳಿದ ಹಿಮದ ಕಣಗಳು ಒಂದಕ್ಕೊಂದು ಅಂಟಿ ಕಲ್ಲಾಗಲು ಅಷ್ಟು ಸಮಯ ಬೇಕು. ಆತುರಪಟ್ಟು ತಕ್ಷಣ ಎಳೆದರೆ ಕಿತ್ತುಬರುತ್ತದೆ. ರಾತ್ರಿ ಹಿಮ ಬೀಳುತ್ತಿದ್ದರೆ ಒಳಗಿನಿಂದ ಬಟ್ಟೆಯನ್ನು ತಟ್ಟಿ ಜಾರಿಸುತ್ತಿರಿ, ಕಿಂಡಿಗಳ ಬಾಯಿ ಹೂತುಹೋಗದಂತೆ ನೋಡಿಕೊಳ್ಳಿ. ಮುಚ್ಚಿದ ಟೆಂಟಿನೊಳಗೆ ಸ್ಟವ್ ಉರಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರಿಕೆ ಕೊಡುವುದಿಲ್ಲ.

ಚಾರಣಿಗ_ಬಸವನಗುಡಿ

ಬಹಳ ಉಪಕಾರವಾಯಿತು ಸಾರ್, ಇಬ್ಬರಿಗೂ. ಹಾಗಾದರೆ ಒದ್ದೆಯಾದಾಗ ಅದು ಸೋರಿಕೆಯೋ ಬೆವರೋ ಎಂದು ಹೇಗೆ ಗೊತ್ತುಮಾಡಿಕೊಳ್ಳುವುದು? ಮತ್ತೆ ನೈಲಾನ್–ಪಾಲಿಯೆಸ್ಟರ್ ಪ್ರಶ್ನೆ ಹಾಗೇ ಉಳಿಯಿತು.

ತಾರಸಿ_ಪರೀಕ್ಷೆ

ಮನೆಯ ತಾರಸಿ ಇದ್ದರೆ ಸಾಕು. ಗೂಟದ ಬದಲು ನೀರು ತುಂಬಿದ ಬಕೆಟ್‌ಗಳಿಗೆ ಹಗ್ಗ ಕಟ್ಟಿ ಟೆಂಟ್ ಬಿಗಿಯಾಗಿ ನಿಲ್ಲಿಸಿ. ಒಳಗೆ ಯಾರೂ ಇರಬಾರದು. ಪೈಪಿನಲ್ಲಿ 20 ನಿಮಿಷ ಮೇಲಿನಿಂದ ನೀರು ಬಿಟ್ಟು, ಆಮೇಲೆ ಒಳಹೊಕ್ಕು ಹೊಲಿಗೆಗಳ ಉದ್ದಕ್ಕೂ ಟಿಶ್ಯೂ ಕಾಗದ ಒತ್ತಿ ನೋಡಿ. ಉಸಿರಾಡುವವರಿಲ್ಲದೆ ಒದ್ದೆಯಾಗಿದ್ದರೆ ಅದು ಸೋರಿಕೆ, ಹೊಲಿಗೆಯ ಗೆರೆಯಲ್ಲೋ ಹಗ್ಗ ಕಟ್ಟುವ ಕುಣಿಕೆಯ ಬುಡದಲ್ಲೋ ಇರುತ್ತದೆ. ಚಾರಣದಲ್ಲಿ ಮಲಗಿ ಎದ್ದಾಗ ಫ್ಲೈ ಪೂರ್ತಿ ಒಂದೇ ಸಮ ಹನಿಗಟ್ಟಿದ್ದರೆ ಬೆವರು.

ಸೋರುವ ಹೊಲಿಗೆಗೆ ಯಾವ ಅಂಟು ಎಂಬುದು ಬಟ್ಟೆಯ ಲೇಪನದ ಮೇಲೆ ನಿಂತಿದೆ. ಒಳಗೆ ಟೇಪ್ ಅಂಟಿಸಿದ್ದರೆ ಆ ಮೈ ಪಿ.ಯು. (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪನದ್ದು, ಪಿ.ಯು. ಸೀಲರ್ ಹಚ್ಚಿ. ಎರಡೂ ಮೈಗೆ ಸಿಲಿಕೋನ್ ಇರುವ ಬಟ್ಟೆಗೆ ಸಾಮಾನ್ಯ ಟೇಪ್ ಹಿಡಿಯುವುದಿಲ್ಲ, ಸಿಲಿಕೋನ್ ಮಾತ್ರ ಅಂಟುತ್ತದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಸಿಲಿಕೋನ್ ಟ್ಯೂಬನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಬ್ರಷ್‌ಗೆ ಹತ್ತುವಷ್ಟು ತೆಳುಮಾಡಿ ಹೊಲಿಗೆಯ ಮೇಲೆ ಬಳಿಯಿರಿ. ಒಂದು ದಿನ ಒಣಗಿಸಿ, ಜಿಗುಟು ಹೋಗಲು ಟಾಲ್ಕಂ ಪೌಡರ್ ಸವರಿ.

ನೆಲದ ಬಟ್ಟೆಯ ಬಗ್ಗೆ ಒಂದು ಲೆಕ್ಕ. ಫ್ಲೈಗೆ 1,500 ಮಿ.ಮೀ. ನೀರಿನ ಒತ್ತಡ (ಅಷ್ಟು ಎತ್ತರ ನಿಂತ ನೀರಿನ ಒತ್ತಡ) ತಡೆಯುವ ಶಕ್ತಿ ಇದ್ದರೆ ಮಳೆಗೆ ಸಾಕು. ಆದರೆ ಮಂಡಿಯೂರಿದಾಗ 40 ಕೆ.ಜಿ. ಭಾರ 80 ಚದರ ಸೆಂ.ಮೀ. ಮೇಲೆ ಬಿದ್ದರೆ ಅದು 5,000 ಮಿ.ಮೀ. ಒತ್ತಡ. ಕೆಳಗೆ ನೀರು ನಿಂತಿದ್ದರೆ 3,000ದ ನೆಲವೂ ಅಲ್ಲಿ ಜಿನುಗುತ್ತದೆ. ಆದ್ದರಿಂದ ಜಾಗದ ಆಯ್ಕೆ ಮುಖ್ಯ, ಮಂಡಿಯ ಕೆಳಗೆ ಚಾಪೆ ಇರಲಿ. ಟೆಂಟಿನ ಕೆಳಗೆ ಹಾಸುವ ಶೀಟ್ ಎಲ್ಲ ಕಡೆ ಎರಡು ಮೂರು ಸೆಂ.ಮೀ. ಒಳಗೇ ಇರಬೇಕು. ಒಂದು ಅಂಚು ಹೊರಗೆ ಇಣುಕಿದರೂ ಫ್ಲೈಯಿಂದ ಇಳಿದ ನೀರನ್ನೆಲ್ಲ ಹಿಡಿದು ಟೆಂಟಿನಡಿಗೆ ತರುತ್ತದೆ.

ನೈಲಾನ್ ಹರಿಯುವುದು ಕಷ್ಟ, ಆದರೆ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿದ್ದ ಫ್ಲೈ ರಾತ್ರಿ ಜೋತು ಒಳಪದರಕ್ಕೆ ತಾಗುತ್ತದೆ, ಮಲಗುವ ಮುಂಚೆ ಇನ್ನೊಮ್ಮೆ ಹಗ್ಗ ಎಳೆಯಬೇಕು. ಪಾಲಿಯೆಸ್ಟರ್ ಹಿಗ್ಗುವುದು ಬಹಳ ಕಡಿಮೆ, ಬಿಸಿಲನ್ನೂ ಹೆಚ್ಚು ತಾಳುತ್ತದೆ; ಅದೇ ತೂಕದಲ್ಲಿ ಹರಿಯುವ ಭಯ ಸ್ವಲ್ಪ ಜಾಸ್ತಿ. ಘಟ್ಟವೇ ಹೆಚ್ಚಾದರೆ ಪಾಲಿಯೆಸ್ಟರ್ ಫ್ಲೈ ಎನ್ನುತ್ತೇನೆ.

ಎರಡು_ಪದರ

ಮೇಲಿನ ಮಾತಿಗೆ ಒಂದು ತಕರಾರು. ಹಿಮದ ಭಾರ, ಬಿರುಗಾಳಿ ಇರುವ ಕಡೆ ಹರಿಯದಿರುವುದೇ ಮೊದಲ ಗುಣ. ಕೇದಾರಕಂಠಕ್ಕೂ ಇದೇ ಟೆಂಟ್ ಒಯ್ಯುವುದಾದರೆ ಸಿಲಿಕೋನ್ ನೈಲಾನ್ ಇರಲಿ, ರಾತ್ರಿ ಒಮ್ಮೆ ಎದ್ದು ಹಗ್ಗ ಎಳೆಯುವುದು ದೊಡ್ಡ ಕಷ್ಟವಲ್ಲ.

ಪೋಲ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಯೂಮಿನಿಯಂ ಮಾತ್ರ, 8.5 ಅಥವಾ 9 ಮಿ.ಮೀ.; ಫೈಬರ್‌ಗ್ಲಾಸ್ ಭಾರ, ಚಳಿಯಲ್ಲಿ ಸೀಳುತ್ತದೆ. ಪೋಲ್ ಮುರಿಯಲು ಸಾಮಾನ್ಯ ಕಾರಣ ಗಾಳಿಯಲ್ಲ, ತುಂಡುಗಳು ಒಂದರೊಳಗೊಂದು ಪೂರ್ತಿ ಕೂರದಿರುವುದು: ಅರ್ಧ ಕೂತ ಕೊಳವೆಯ ಬಾಯಿ ಬಗ್ಗಿದಾಗ ಸೀಳುತ್ತದೆ. ಪ್ರತಿ ಕೀಲನ್ನೂ ಕೈಯಿಂದ ಒತ್ತಿ ನೋಡಿ. ಮಡಚುವಾಗ ನಡುವಿನಿಂದ ಶುರುಮಾಡಿ, ಒಳಗಿನ ಎಲಾಸ್ಟಿಕ್ ದಾರಕ್ಕೆ ಎರಡೂ ಕಡೆ ಸಮ ಎಳೆತ ಬೀಳಲಿ. ಹಿಮದಲ್ಲಿ ಕೀಲು ಹೆಪ್ಪುಗಟ್ಟಿದರೆ ತಿರುಚಬೇಡಿ, ಅಂಗೈ ಬಿಸಿಯಲ್ಲಿ ಹಿಡಿದುಕೊಳ್ಳಿ. ರಿಪೇರಿ ಕೊಳವೆ ಒಂದು, ಗಟ್ಟಿ ಟೇಪ್ ಒಂದು ಮೀಟರ್ ಪೋಲ್ ಚೀಲದಲ್ಲೇ ಇರಲಿ.

ಒಣಗಿಸಿ_ಇಡಿ

ಬೆಂಗಳೂರಿನಲ್ಲಿ ಟೆಂಟ್ ಹಾಳಾಗುವುದು ಹೆಚ್ಚಾಗಿ ಬೀರುವಿನಲ್ಲಿ. ಒದ್ದೆ ಮಡಚಿಟ್ಟರೆ ಬೂಷ್ಟು. ತೇವ ಮತ್ತು ಶಾಖಕ್ಕೆ ಪಿ.ಯು. ಲೇಪನ ಕೊಳೆತು ಜಿಗುಟಾಗಿ ಹುಳಿ ನಾರುತ್ತದೆ, ಅದಾದ ಮೇಲೆ ಉಳಿಸುವುದು ಕಷ್ಟ. ಮಳೆಗಾಲದಲ್ಲಿ ಹಾಲ್‌ನಲ್ಲಿ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಎರಡು ದಿನ ಹರವಿ. ಹೊಲಿಗೆ, ಜಿಪ್ ಪಟ್ಟಿ, ಮೂಲೆಗಳು ಕೊನೆಗೆ ಒಣಗುತ್ತವೆ, ಅವನ್ನು ಮುಟ್ಟಿ ನೋಡಿ. ಕಂಪನಿ ಕೊಟ್ಟ ಬಿಗಿ ಚೀಲದಲ್ಲಿ ಬೇಡ, ಹಳೆ ದಿಂಬಿನ ಕವರಿನಲ್ಲಿ ಸಡಿಲವಾಗಿ ಇಡಿ. ವಾಷಿಂಗ್ ಮಷೀನ್, ಡಿಟರ್ಜೆಂಟ್ ಎರಡೂ ಬೇಡ.

ವಿಮಾನದಲ್ಲಿ ಡೆಹ್ರಾಡೂನಿಗೆ ಹೋಗುವುದಾದರೆ ಗೂಟ, ಪೋಲ್ ಚೆಕ್-ಇನ್ ಬ್ಯಾಗಿಗೆ ಹಾಕಿ. ಗ್ಯಾಸ್ ಡಬ್ಬಿಯನ್ನು ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ, ಅಲ್ಲೇ ಇಳಿದ ಮೇಲೆ ಕೊಳ್ಳಿ.