ಭಾನುವಾರ ಫ್ರೀ ಇದ್ದೇವೆ, ಕಾರವಾರದ ಕಡೆ ಬಡವರಿಗೆ ಏನು ಮಾಡಬಹುದು?

ಕಾಳಿ ದಂಡೆಯವ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಬೆಂಗಳೂರಿನ ಕಂಪನಿ ಕೆಲಸ ಈಗ ಮನೆಯಿಂದಲೇ ಮಾಡುತ್ತಿದ್ದೇನೆ. ಐದು ಜನ ಗೆಳೆಯರು ಸೇರಿ ತಿಂಗಳಿಗೆ ಇಷ್ಟು ಅಂತ ದುಡ್ಡು ಹಾಕಿದ್ದೇವೆ, ಸದ್ಯ 18 ಸಾವಿರ ಕೈಯಲ್ಲಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಬೋಟ್ ಬಂದ್, ಜುಲೈ 31ರ ತನಕ ಬಂದರಿನಲ್ಲಿ ಕೆಲಸ ಇಲ್ಲ. ಆ ಮೀನುಗಾರರ ಮನೆಗಳಿಗೆ ರೇಷನ್ ಕಿಟ್ ಕೊಡೋಣ ಅಂತ ಪ್ಲ್ಯಾನ್. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಎಣ್ಣೆ. ಭಾನುವಾರ ಎಲ್ಲರಿಗೂ ರಜೆ, ಅವತ್ತೇ ಹಂಚುವುದು. ಅಮ್ಮನಿಗೆ ಹೇಳಿದರೆ "ಅವರು ನಿನ್ನ ಹತ್ರ ಕೇಳಿದ್ರಾ?" ಅಂದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅನುಭವ ಇದ್ದವರು ಹೇಳಿ.

ಬೈತಖೋಲ್ ಹುಡುಗ:
ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ನೀನು ಹೇಳುವ ಆ ಮನೆ ನಮ್ಮದೇ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಕೇರಿಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಕಿಟ್ ಬಂತು, ಮೂರರಲ್ಲೂ ಗೋಧಿ ಹಿಟ್ಟು. ನಮ್ಮಲ್ಲಿ ಚಪಾತಿ ಲಟ್ಟಿಸುವುದು ಯಾವಾಗಲೋ ಒಮ್ಮೆ ಮಾರಾಯ. ಅಜ್ಜಿ ಆ ಬಿಳಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ "ಇದ್ರಲ್ಲಿ ಗಂಜಿ ಆಗೂದಿಲ್ಲ" ಅಂತ ಡಬ್ಬಿ ಮುಚ್ಚಿಟ್ಟಳು. ಹಿಟ್ಟಿಗೆ ಹುಳ ಬಿದ್ದು ಕೋಳಿ ತಿಂದವು. ಕೊಟ್ಟವರು ಫೋಟೋ ಮಾತ್ರ ಚೆನ್ನಾಗಿ ತೆಗೆದರು. ಅಪ್ಪ ಮುಖ ಆಚೆ ತಿರುಗಿಸಿ ನಿಂತ ಫೋಟೋ ಯಾರ ಫೋನಿನಲ್ಲಿದೆಯೋ ಏನೋ.

ಇನ್ನೊಂದು, ಬೋಟ್ ಬಂದ್ ಅಂದ ಕೂಡಲೇ ಎಲ್ಲರ ಮನೆಯ ಒಲೆ ಆರುವುದಿಲ್ಲ. ನಾಡದೋಣಿಯವರು ಸಮುದ್ರ ಬಿಟ್ಟಾಗ ಹೋಗುತ್ತಾರೆ, ಬೋಟ್ ಮಾಲೀಕರು ಬಲೆ, ಇಂಜಿನ್ ರಿಪೇರಿ ಮಾಡಿಸುತ್ತಾರೆ. ಕಷ್ಟ ಬರುವುದು ಪಾಲಿನ ಮೇಲೆ ದುಡಿಯುವ ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ), ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ. ಅಕ್ಕಿ ಹೇಗೋ ಸೊಸೈಟಿಯಲ್ಲಿ ಸಿಗುತ್ತದೆ. ಜೂನಿನಲ್ಲಿ ಶಾಲೆ ಶುರುವಾದಾಗ ನೋಟ್‌ಬುಕ್ಕು, ಕೊಡೆ, ಚಪ್ಪಲಿಗೆ ಬಡ್ಡಿ ಸಾಲ ತೆಗೆಯುತ್ತಾರೆ ನೋಡು, ಅಲ್ಲಿ ನಿಮ್ಮ ದುಡ್ಡು ಉಪಯೋಗಕ್ಕೆ ಬರುತ್ತದೆ. ಉಳಿತಾಯ-ಪರಿಹಾರ ಅಂತ ಒಂದು ಯೋಜನೆಯೂ ಇದೆ. ಮೀನುಗಾರ 1,500 ತುಂಬಿದರೆ ರಾಜ್ಯ, ಕೇಂದ್ರ ಎರಡೂ ಅಷ್ಟಷ್ಟು ಸೇರಿಸಿ 4,500 ಕೊಡುತ್ತವೆ. ಆದರೆ ಮೀನುಗಾರರ ಸಂಘದ ಸದಸ್ಯ ಆಗಿರಬೇಕು, ಕಂತು ಮೊದಲೇ ತುಂಬಿರಬೇಕು. ನನ್ನ ಚಿಕ್ಕಪ್ಪ ಇಪ್ಪತ್ತು ವರ್ಷ ಬೋಟಿಗೆ ಹೋದರೂ ಸದಸ್ಯ ಆಗಿರಲಿಲ್ಲ. ಯಾರೂ ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ.

ಕುಮಟೆ ಅಕ್ಕೋರು:
ತಮ್ಮಾ, ನಿನ್ನ ಅಮ್ಮ ಸರಿಯಾಗೇ ಕೇಳಿದ್ದಾರೆ. ನಾನು ರಿಟೈರ್ ಆದ ಮೇಲೆ ಮಾಡುತ್ತಿರುವ ಕೆಲಸ ಒಂದೇ, ಕಾಗದಪತ್ರ ಹಿಡಿದು ಜನರ ಜೊತೆ ಹೋಗಿ ನಿಲ್ಲುವುದು.

ನಮ್ಮಲ್ಲಿ ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರಿದ್ದಾರೆ. ಚಿಪ್ಪು ತಾಗಿ ತಾಗಿ ಬೆರಳಿನ ಗೆರೆಯೇ ಅಳಿಸಿ ಹೋಗಿರುತ್ತದೆ. ಅಂಥ ಒಬ್ಬಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಳು, ಮಷಿನ್ ತಗೊಳ್ಳಲಿಲ್ಲ. ಸೆರಗಿಗೆ ಒರೆಸಿ ಒತ್ತಿದಳು. ತಲೆಯ ಎಣ್ಣೆಗೆ ತಿಕ್ಕಿ ಒತ್ತಿದಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಲು ಶುರು ಮಾಡಿದರು, ಖಾಲಿ ಚೀಲ ಮಡಚಿಕೊಂಡು ಮನೆಗೆ ಹೋದಳು. ಮುಂದಿನ ತಿಂಗಳೂ ಹಾಗೇ. ಕಾರ್ಡೇ ರದ್ದಾಗಿದೆ ಅಂದುಕೊಂಡು ಅಂಗಡಿ ಕಡೆ ಹೋಗುವುದನ್ನೇ ಬಿಟ್ಟಿದ್ದಳು! ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿದೆ. ಮೊದಲ ದಿನ ಸರ್ವರ್ ಇಲ್ಲ, ಎರಡನೇ ದಿನ ಟೋಕನ್ ಮುಗಿದಿತ್ತು, ಮೂರನೇ ದಿನ ಆಯಿತು. ಅವಳಿಗೆ ಮೂರು ದಿನದ ದುಡಿಮೆ ಹೋಯಿತು, ಅದನ್ನೂ ಲೆಕ್ಕ ಹಿಡಿಯಬೇಕಲ್ವಾ? ನನಗೆ ಆದ ಖರ್ಚು ಚಾ ಮತ್ತು ಜೆರಾಕ್ಸ್. ಬಸ್ಸು ಹೇಗೂ 2023ರ ಜೂನ್‌ನಿಂದ ನಮಗೆ ಫ್ರೀ.

ಹೆಸರಿನದ್ದು ಇನ್ನೊಂದು ಗೋಳು. ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಗೃಹಲಕ್ಷ್ಮಿಯ 2,000 ಆಗಲಿ, ಅಜ್ಜಿಯ ಸಂಧ್ಯಾ ಸುರಕ್ಷಾ 1,200 ಆಗಲಿ ಇಂಥದ್ದರಲ್ಲೇ ಸಿಕ್ಕಿ ನಿಲ್ಲುವುದು.

ಭಾನುವಾರ ಬರುತ್ತೇನೆ ಅಂದೆಯಲ್ಲ, ಭಾನುವಾರ ನಾಡಕಚೇರಿಗೆ ಬೀಗ!

ಶಿರಸಿ ಕಡೆಯವಳು:
ನಮ್ಮ ತಪ್ಪು ಹೇಳುತ್ತೇನೆ. ಯಲ್ಲಾಪುರ ಕಡೆ ಒಂದು ಸಿದ್ದಿ ಕೇರಿಯಲ್ಲಿ ಮಕ್ಕಳಿಗೆ ಭಾನುವಾರ ಪಾಠ ಅಂತ ಶುರು ಮಾಡಿದೆವು. ನಾಲ್ಕು ವಾರ ಹೋದೆವು, ಆಮೇಲೆ ಅಡಿಕೆ ಕೊಯ್ಲು ಬಂತು, ಒಬ್ಬೊಬ್ಬರೇ ಜಾರಿಕೊಂಡೆವು. ಮತ್ತೆ ಹೋದದ್ದು ಎರಡು ತಿಂಗಳ ಮೇಲೆ. ಒಬ್ಬ ಹುಡುಗ ಐದನೇ ವಾರವೂ ಪಾಟಿ ಹಿಡಿದು ರಸ್ತೆಯ ತನಕ ಬಂದಿದ್ದನಂತೆ. ಅವನ ತಾಯಿ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಈಗ ಪಾಠ ಇಲ್ಲ. ಜಾತಿ ಸರ್ಟಿಫಿಕೇಟ್, ಹಾಸ್ಟೆಲ್ ಅರ್ಜಿ ಇಷ್ಟೇ ನೋಡಿಕೊಳ್ಳುತ್ತೇವೆ. ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಆದರೆ ಆ ಚೀಟಿ ಕೈಗೆ ಬರದೆ ಮಗುವಿಗೆ ಏನೂ ಸಿಗುವುದಿಲ್ಲ. ಮತ್ತೆ ಅಕ್ಕೋರೇ, ಬಸ್ಸು ಫ್ರೀ ಹೌದು, ಆ ಕೇರಿಗೆ ಬಸ್ಸೇ ಬರುವುದಿಲ್ಲ :)

ರಾತ್ರಿ ಪಾಳಿ:
ಆಸ್ಪತ್ರೆಯಲ್ಲಿ ಕೆಲಸ ಮಾಡುವವನು, ಎರಡೇ ಮಾತು. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ, ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದನ್ನು ತಗೊಳ್ಳದೆ ಸೀದಾ ಹೋಗಿ ಒಡವೆ ಅಡವಿಟ್ಟು ಬಿಲ್ ಕಟ್ಟಿದವರನ್ನು ನೋಡಿದ್ದೇನೆ. ಹೊರಡುವ ಮೊದಲು ಇದನ್ನು ಹೇಳುವವರು ಒಬ್ಬರಿದ್ದರೆ ಸಾಕಿತ್ತು. ನಿಮ್ಮ 18 ಸಾವಿರದಲ್ಲಿ ಸ್ವಲ್ಪ ಜೊತೆಗೆ ಹೋಗುವವರ ಊಟ, ಬಸ್ ಚಾರ್ಜಿಗೆ ಇಡಿ.

ಕಾಳಿ ದಂಡೆಯವ:
ಗೋಧಿ ಹಿಟ್ಟಿನ ಆರ್ಡರ್ ಕ್ಯಾನ್ಸಲ್ ಮಾಡಿದೆ. ಬೈತಖೋಲ್ ಅಣ್ಣ, ನೋಟ್‌ಬುಕ್ ಯಾರ್ಯಾರಿಗೆ ಬೇಕು ಅಂತ ನೀವೇ ಕೇಳಿ ಹೇಳುತ್ತೀರಾ? ನಾವು ಅಂಗಡಿಯಲ್ಲಿ ದುಡ್ಡು ಕಟ್ಟುತ್ತೇವೆ, ಅವರೇ ಹೋಗಿ ತರಲಿ, ಫೋಟೋ ಗೀಟೋ ಏನೂ ಬೇಡ. ಅಕ್ಕೋರೇ, ಈ ವರ್ಷ ನನಗೆ ಇನ್ನೂ 9 ರಜೆ ಉಳಿದಿದೆ. ಬುಧವಾರ ಕುಮಟೆಗೆ ಬರಲಾ?

ಕುಮಟೆ ಅಕ್ಕೋರು:
ಬಾ. ಬೆಳಿಗ್ಗೆ ಒಂಬತ್ತರ ಒಳಗೇ ಬಂದುಬಿಡು, ಟೋಕನ್ ಮುಗಿಯುತ್ತದೆ. ಮಳೆ ಜೋರಾದರೆ ಇಲ್ಲಿ ಕರೆಂಟ್ ಹೋಗುತ್ತದೆ, ಜೆರಾಕ್ಸ್ ಅಂಗಡಿ ಬಂದ್. ಇಬ್ಬರ ಕಾಗದದ ಫೋಟೋ ಕಳಿಸುತ್ತೇನೆ, ಎರಡೆರಡು ಪ್ರತಿ ಅಲ್ಲೇ ತೆಗೆಸಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಬಾ.