ಅಂಗಡಿ ನಡೆಸುವವರು ಮೊದಲು ಯಾವ ಪುಸ್ತಕ ಓದಬೇಕು?

ಪ್ರಶ್ನೆ (ಪಾತ್ರೆ ವ್ಯಾಪಾರಿ, ದುರ್ಗದಬೈಲ್, ಹುಬ್ಬಳ್ಳಿ):
ನಮಸ್ಕಾರ ಸರ್. ತಂದೆಯವರ ನಂತರ ನಾಲ್ಕು ವರ್ಷಗಳಿಂದ ಸ್ಟೀಲ್ ಪಾತ್ರೆ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮದುವೆಯ ದಿನಗಳಲ್ಲಿ ಊಟಕ್ಕೂ ಬಿಡುವಿರುವುದಿಲ್ಲ, ಆದರೂ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಕೆಲಸದ ಮೂವರು ಹುಡುಗರು ನಾನಿಲ್ಲದಿದ್ದರೆ ಗಿರಾಕಿಗೆ ದರವನ್ನೂ ಹೇಳುವುದಿಲ್ಲ. ವ್ಯಾಪಾರ, ಉಳಿತಾಯ, ಮುಂದಾಳುತನ ಮೂರಕ್ಕೂ ಪುಸ್ತಕ ತಿಳಿಸಿ. ಇಂಗ್ಲಿಷನ್ನು ನಿಧಾನವಾಗಿ ಓದುತ್ತೇನೆ.

ಉತ್ತರ (ಲೆಕ್ಕಪರಿಶೋಧಕ, ಧಾರವಾಡ):
ಖಂಡಿತ ತಿಳಿಸುತ್ತೇನೆ. ಆದರೆ ಮೊದಲು ಓದಬೇಕಾದ್ದು ನಿಮ್ಮದೇ ಕಿರ್ದಿ. ಮನೆಯ ಹಾಲು, ಮಕ್ಕಳ ಫೀ, ಗ್ಯಾಸ್ ಸಿಲಿಂಡರ್ ಎಲ್ಲವೂ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತಿದೆಯೇ? ಉದ್ರಿ ಎಷ್ಟಿದೆ? ಹೋದ ತಿಂಗಳು ಒಬ್ಬ ವ್ಯಾಪಾರಿಯ ಕಿರ್ದಿ ತೆರೆದು ಕುಳಿತಿದ್ದೆ. ಒಂದೇ ಮದುವೆಮನೆಯ ಹೆಸರಿನ ಮುಂದೆ 38,000 ರೂಪಾಯಿ, ಎಂಟು ತಿಂಗಳಿನಿಂದ ಹಾಗೆಯೇ ಇತ್ತು. ಅವರಿಗೆ ಲಾಭವಿತ್ತು, ಅದು ಊರೆಲ್ಲ ಹರಡಿಕೊಂಡಿತ್ತು.

ಉಳಿತಾಯಕ್ಕೆ ಮೋನಿಕಾ ಹಾಲನ್ ಅವರ ‘ಲೆಟ್ಸ್ ಟಾಕ್ ಮನಿ’ (2018) ಓದಿ. ನಮ್ಮ ದೇಶದ ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡುಗಳನ್ನು ಕಂಡು ಬರೆದದ್ದು. ಆದಾಯಕ್ಕೊಂದು, ಖರ್ಚಿಗೊಂದು, ಹೂಡಿಕೆಗೊಂದು ಎಂದು ಮೂರು ಖಾತೆ ಇಡಲು ಅವರು ಹೇಳುತ್ತಾರೆ. ನೀವು ಅಂಗಡಿಯಿಂದ ತಿಂಗಳಿಗೆ ಇಷ್ಟೇ ಎಂದು ಸಂಬಳ ಗೊತ್ತುಮಾಡಿಕೊಂಡು, ಅದನ್ನು ಈ ಮೂರರಲ್ಲಿ ಹಂಚಿ.

ಹುಡುಗರ ವಿಷಯಕ್ಕೆ ಪೀಟರ್ ಡ್ರಕರ್ ಅವರ ‘ದಿ ಎಫೆಕ್ಟಿವ್ ಎಕ್ಸಿಕ್ಯುಟಿವ್’. 1967ರದ್ದಾದರೂ ನಾನು ಇಂದಿಗೂ ಇದನ್ನೇ ಕೊಡುತ್ತೇನೆ. ಕೆಲಸದ ಯೋಜನೆಗೂ ಮೊದಲು, ಸಮಯ ನಿಜವಾಗಿ ಎಲ್ಲಿ ಹೋಗುತ್ತಿದೆ ಎಂದು ಬರೆದಿಡಿ, ನೆನಪನ್ನು ನಂಬಬೇಡಿ ಎನ್ನುತ್ತಾರೆ ಅವರು. ಬರೆದದ್ದರಲ್ಲಿ ಬೇರೆಯವರೂ ಅಷ್ಟೇ ಚೆನ್ನಾಗಿ ಮಾಡಬಲ್ಲ ಕೆಲಸ ಯಾವುದು ಎಂದು ಕೇಳಿಕೊಳ್ಳಬೇಕು. ಎರಡು ವಾರ ಬರೆಯಿರಿ. ದರ ಹೇಳುವ ಕೆಲಸವೇ ಪುಟ ತುಂಬಿದ್ದರೆ, ಪ್ರತಿ ಪಾತ್ರೆಗೂ ದರದ ಚೀಟಿ ಅಂಟಿಸಿ, ಎಷ್ಟರವರೆಗೆ ಇಳಿಸಬಹುದೆಂದು ಹಿರಿಯ ಹುಡುಗನಿಗೆ ಹೇಳಿಬಿಡಿ. ತಪ್ಪು ದರಕ್ಕೆ ಒಂದೆರಡು ಹೋದರೂ ಗಿರಾಕಿಯ ಮುಂದೆ ಅವನನ್ನು ಗದರಬೇಡಿ.

ಬೆಂಜಮಿನ್ ಗ್ರಹಾಂ ಅವರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ (1949) ಷೇರಿಗೆ ಕೈಹಾಕುವ ದಿನಕ್ಕಿರಲಿ. ಆಗಲೂ 8 ಮತ್ತು 20ನೇ ಅಧ್ಯಾಯ ಮೊದಲು.

ಪ್ರಶ್ನೆ (ರೊಟ್ಟಿ ತಯಾರಕರು, ಗದಗ):
ಸರ್, ಉಳಿಸಿದ್ದನ್ನೆಲ್ಲ ನಮ್ಮ ಊರಿನ ಪತ್ತಿನ ಸಂಘದಲ್ಲಿ ಠೇವಣಿ ಇಟ್ಟಿದ್ದೇನೆ. ಬಡ್ಡಿ ಹೆಚ್ಚು. 5 ಲಕ್ಷದವರೆಗೆ ವಿಮೆ ಇರುತ್ತದಲ್ಲವೇ?

ಉತ್ತರ:
ಅಕ್ಕನವರೆ, ಆ ವಿಮೆ ಬ್ಯಾಂಕುಗಳಿಗೆ. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಬರುತ್ತವೆ, ನಿಮ್ಮ ಪತ್ತಿನ ಸಂಘದಂಥ ಪ್ರಾಥಮಿಕ ಸಹಕಾರ ಸಂಘಗಳು ಬರುವುದಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಿಮ್ಮದು, ಸಂಘಗಳ ಮೇಲೆ ನನಗೆ ಬಹಳ ಗೌರವವಿದೆ. ಆದರೂ ಸುಡುವ ಹಂಚಿನ ಮುಂದೆ ಕುಳಿತು ಗಳಿಸಿದ್ದು, ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ರಸೀದಿ ತೆಗೆದು ಮುಗಿಯುವ ದಿನಾಂಕ ನೋಡಿ. ಹತ್ತಿರವಿದ್ದರೆ ಅವಧಿಗೆ ಮುಂಚೆ ಮುರಿದು ಬಡ್ಡಿ ಕಳೆದುಕೊಳ್ಳುವುದು ಬೇಡ, ಮುಗಿದ ಮೇಲೆ ಅರ್ಧವನ್ನಾದರೂ ಬ್ಯಾಂಕಿಗೆ ಹಾಕಿ.